ಸೆಲ್ವಿನ್ ಆಂಬ್ಲರ್ ‘ಆಗಲ್ಲ’ ಅಂದ ವರ್ಷ

ನಮ್ಮಕ್ಕ ವಿನ್ನಿಯ ಗಂಡ ಸೆಲ್ವಿನ್ ಆಂಬ್ಲರನಿಗೆ ‘ಆಗಲ್ಲ’ ಎನ್ನಲು ಬರುತ್ತಿರಲಿಲ್ಲ. ಬಾಗಿಲಿಗೆ ಬ್ರಷ್ ಮಾರುವವನು ಬಂದರೆ ಒಂದು ಬ್ರಷ್, ವಿಮೆಯವನು ಬಂದರೆ ಒಂದು ವಿಮೆ. ಎದುರು ಮನೆ ಬೀವರ್ಸ್ ಅಜ್ಜಿಯ ಕಲ್ಲಿದ್ದಲನ್ನು ಒಳಗೆ ತುಂಬಿಸಿಕೊಡುವವನು ಅವನು, ಪಾದ್ರಿಯ ಮನೆ ಸೋರಿದರೆ ಛಾವಣಿ ಹತ್ತುವವನು ಅವನು, ಯಾರದೋ ಮದುವೆಗೆ ಪಿಯಾನೊ ಹೊತ್ತು ವಾರಗಟ್ಟಲೆ ಸೊಂಟ ಹಿಡಿದುಕೊಂಡು ನಡೆದವನೂ ಅವನೇ. ನನಗೆ ಇಂಥ ಗಂಡಸರನ್ನು ಕಂಡರೆ ಮೈ ಉರಿಯುತ್ತದೆ. ಊರೆಲ್ಲ ಅವರನ್ನು ಒಳ್ಳೆಯವರೆಂದು ಹೊಗಳುತ್ತದೆ, ಆ ಒಳ್ಳೆಯತನದ ಕೊಳೆ ಬಟ್ಟೆ ಒಗೆಯುವವಳು ಹೆಂಡತಿ. ಇದನ್ನು ವಿನ್ನಿಗೆ ಮದುವೆಗೆ ಮುಂಚೆಯೇ ಹೇಳಿದ್ದೆ. ಅವಳು ನಕ್ಕಿದ್ದಳು.

ವಾರವೆಲ್ಲ ಸಿಂಡರ್ ಲೇನ್ ಗಣಿಯಲ್ಲಿ ಕಲ್ಲಿದ್ದಲು ಕಡಿದು, ಶನಿವಾರ ನಮ್ಮೂರು ಥಾರ್ನ್‌ಶಾದ ತಂಡಕ್ಕೆ ಆಡುತ್ತಿದ್ದ. ನಮ್ಮ ಕಡೆ ರಗ್ಬಿ ಎಂದರೆ ಹದಿಮೂರು ಜನರ ಆಟ. ಹದಿನೈದು ಜನರದು ದೊಡ್ಡವರ ಮನೆ ಹುಡುಗರಿಗೆ. ಸೆಲ್ವಿನ್‌ನದು ಒಂಬತ್ತನೇ ನಂಬರಿನ ಅಂಗಿ. ಸ್ಕ್ರಮ್ ಕಟ್ಟಿ ಎರಡೂ ಕಡೆಯವರು ಗೂಳಿಗಳ ಹಾಗೆ ತಲೆಗೆ ತಲೆ ಕೊಟ್ಟು ತಳ್ಳುವಾಗ ನಡುವಿಗೆ ಚೆಂಡು ಉರುಳಿಸುತ್ತಾರೆ. ಅದನ್ನು ಕಾಲಿನಿಂದ ತನ್ನವರ ಕಡೆಗೆ ಕಿತ್ತುಕೊಳ್ಳಬೇಕಾದವನು ಒಂಬತ್ತನೆಯವನು. ಎರಡೂ ಕೈ ಅಕ್ಕಪಕ್ಕದವರ ಹೆಗಲ ಮೇಲೆ, ಕುತ್ತಿಗೆ ಎದುರಿನವರ ತಲೆಗಳ ಸಂದಿಯಲ್ಲಿ, ಕೆಲಸಕ್ಕೆ ಉಳಿಯುವುದು ಕಾಲೊಂದೇ. ಆ ವಿದ್ಯೆ ಗೊತ್ತಿಲ್ಲದವನು ಅಲ್ಲಿ ಹೋಗಿ ನೇತುಬಿದ್ದರೆ ಕತ್ತು ಮುರಿದುಕೊಳ್ಳುತ್ತಾನೆ. ಇದು ಬರೀ ಮಾತಲ್ಲ, ನಮ್ಮ ಹಿಂದಿನ ಬೀದಿಯಲ್ಲಿ ಹಾಗೆ ಕತ್ತು ಮುರಿದುಕೊಂಡು ಗಾಲಿಕುರ್ಚಿ ಸೇರಿದವನೊಬ್ಬ ಇದ್ದ.

ಎಲ್ಲ ಆಟಗಾರರ ಹಾಗೆ ಅವನಿಗೂ ಒಂದೇ ಆಸೆ, ವೆಂಬ್ಲಿ. ಚಳಿಗಾಲದ ಕೊನೆಯಲ್ಲಿ ಕಪ್ ಪಂದ್ಯಗಳು ಶುರುವಾಗುತ್ತವೆ. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ಉಳಿದ ಎರಡು ತಂಡಗಳು ಮೇ ತಿಂಗಳಲ್ಲಿ ಲಂಡನ್ನಿಗೆ ಹೋಗಿ ವೆಂಬ್ಲಿ ಮೈದಾನದ ಹುಲ್ಲಿನ ಮೇಲೆ ಆಡುತ್ತವೆ. ಥಾರ್ನ್‌ಶಾ ಮೂರನೇ ಸುತ್ತು ದಾಟಿದ್ದನ್ನು ಸೆಲ್ವಿನ್ ಹುಟ್ಟಿದ ಮೇಲೆ ಯಾರೂ ನೋಡಿರಲಿಲ್ಲ. ಆದರೂ ಅವನು ವರ್ಷವರ್ಷವೂ ಆಸೆ ಇಟ್ಟುಕೊಳ್ಳುತ್ತಿದ್ದ. ನಾನು ರೇಗಿಸಿದರೆ, “ಆಸೆಗೇನು ಕಾಸು ಕೊಡ್ಬೇಕಾ ನೋರಾ?” ಅನ್ನುತ್ತಿದ್ದ.

ನಾನು ಹೇಳುತ್ತಿರುವುದು ಎರಡನೇ ಮಹಾಯುದ್ಧ ಮುಗಿದು ಹನ್ನೆರಡು ಹದಿಮೂರು ವರ್ಷಗಳಾಗಿದ್ದ ಕಾಲದ್ದು. ಆ ಚಳಿಗಾಲ ಸೆಲ್ವಿನ್‌ಗೆ ಮೂವತ್ಮೂರು ದಾಟಿತ್ತು. ಕ್ಲಬ್ಬಿನವರು ಗಿಬ್ಸನ್ ಎಂಬ ಎಳೆಯ ವಯಸ್ಸಿನವನನ್ನು ಬೇರೆ ಊರಿನಿಂದ ಕರೆಸಿಕೊಂಡು ಒಂಬತ್ತನೇ ಅಂಗಿ ಕೊಟ್ಟಿದ್ದರು. ಸೆಲ್ವಿನ್ ಎರಡನೇ ತಂಡಕ್ಕೆ ಇಳಿದಿದ್ದ. ಗಿಬ್ಸನ್‌ಗೆ ಬಾಡಿಗೆ ಮನೆ ಹುಡುಕಿಕೊಟ್ಟವನೂ ಅವನೇ.

ಅದೇ ವರ್ಷ ನನ್ನ ಗಂಡ ಹಾರ್ಟ್ಲಿ ನಡೆಸುತ್ತಿದ್ದ ಗಣಿ ಹುಡುಗರ ತಂಡ ಯಾವ ಪುಣ್ಯದಿಂದಲೋ ಕಪ್‌ನ ಮೊದಲ ಸುತ್ತಿಗೆ ಬಂತು. ಕೂಲಿ ಇಲ್ಲದೆ ಆಡುವವರ ಪೈಕಿ ಗೆದ್ದ ಒಂದೆರಡು ತಂಡಗಳಿಗೆ ಹಾಗೆ ದೊಡ್ಡವರ ಜೊತೆ ಆಡುವ ಅವಕಾಶ ಸಿಗುತ್ತದೆ. ಚೀಟಿ ಎತ್ತಿದಾಗ ಬಂದದ್ದು ಬೆಟ್ಟದಾಚೆಯ ಕಾಲ್ಡರ್‌ಫೋರ್ಡ್, ಅವರೂರಿನಲ್ಲೇ. ಗಣಿಯವರು ಸತ್ತರೂ ಗೆಲ್ಲುವಂತಿರಲಿಲ್ಲ. ಆದರೆ ಬೀದಿಗೆ ಬೀದಿಯೇ ಬಸ್ಸು ಹತ್ತಿತು. ಆ ಶನಿವಾರ ಥಾರ್ನ್‌ಶಾದ ಮೈದಾನ ಹೆಪ್ಪುಗಟ್ಟಿ ಕಲ್ಲಾಗಿತ್ತು, ಹುಲ್ಲು ಹೊದಿಸಿದರೂ ಬಗ್ಗಲಿಲ್ಲ. ಊರ ತಂಡದ ಪಂದ್ಯವನ್ನು ಬುಧವಾರಕ್ಕೆ ಮುಂದೂಡಿದರು. ಕೆಲಸವಿಲ್ಲದ ಸೆಲ್ವಿನ್ ನಮ್ಮ ಬಸ್ಸಿನಲ್ಲಿ ಸುಮ್ಮನೆ ಆಟ ನೋಡಲು ಬಂದ.

ಬಸ್ಸು ಹೊರಡುವ ಹೊತ್ತಿಗೆ ಗಣಿ ತಂಡದ ಒಂಬತ್ತನೆಯವನು, ಕ್ಲೆಮ್ ಸಗ್ಡನ್, ಬರಲಿಲ್ಲ. ಅವನ ತಂಗಿ ಓಡಿ ಬಂದು, ಅಣ್ಣನಿಗೆ ಮಂಗನಬಾವು, ಮುಖ ಕುಂಬಳಕಾಯಿ ಆಗಿದೆ ಎಂದಳು. ಬಸ್ಸಿನಲ್ಲಿದ್ದ ಆಟಗಾರರು ಹನ್ನೆರಡು ಜನ. ಬದಲಿಗೆ ಒಬ್ಬನನ್ನು ಇಳಿಸುವ ಪದ್ಧತಿ ಆಗಿನ್ನೂ ಇರಲಿಲ್ಲವಾದ್ದರಿಂದ ಹೆಚ್ಚಿನವರನ್ನು ಕರೆದೊಯ್ಯುವ ರೂಢಿಯೂ ಇರಲಿಲ್ಲ.

ಕಾಲ್ಡರ್‌ಫೋರ್ಡಿನಲ್ಲಿ ನೆಲ ಹೆಪ್ಪುಗಟ್ಟಿರಲಿಲ್ಲ, ಬರೀ ಮಂಜು, ಕೆಸರು. ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ನನ್ನ ಗಂಡ ಸೆಲ್ವಿನ್‌ನ ತೋಳು ಹಿಡಿದ. ಹತ್ತಿರ ನಿಂತಿದ್ದ ನಾನು ಎಲ್ಲವನ್ನೂ ಕೇಳಿಸಿಕೊಂಡೆ.

“ಕ್ಲೆಮ್ ಅಂಗಿ ಹಾಕ್ಕೊಂಡು ಕ್ಲೆಮ್ ಹೆಸ್ರಲ್ಲಿ ಆಡ್ಬಿಡು ಸೆಲ್ವಿನ್.”

“ಹಾರ್ಟ್ಲಿ, ನಾನು ಥಾರ್ನ್‌ಶಾದವನು ಕಣೋ. ಕ್ಲಬ್ಬಲ್ಲಿ ದುಡ್ಡು ತಗೊಳ್ಳೋನು.”

“ಹೊರಗೆ ನೋಡು, ಮಂಜಲ್ಲಿ ನಿನ್ನ ಹೆತ್ತಪ್ಪಂಗೂ ಗುರ್ತು ಸಿಗಲ್ಲ. ಸ್ಕ್ರಮ್ಮಲ್ಲಿ ನಿಂತ್ಕೋ, ಸಾಕು. ನೀನಿಲ್ದಿದ್ರೆ ಹನ್ನೆರಡೇ ಜನ, ಕ್ಲೆಮ್ ಜಾಗಕ್ಕೆ ಅಂಚಲ್ಲಿ ಓಡೋ ಆ ಪೀಟರ್‌ನ ನಿಲ್ಲಿಸ್ಬೇಕು. ಅವನಿಗೆ ಹತ್ತೊಂಬತ್ತು. ಕಾಲ್ಡರ್‌ಫೋರ್ಡಿನ ಆ ಎಮ್ಮೆಗಳ ಮಧ್ಯೆ ಅವನ ಕತ್ತು ಲಟಕ್ ಅಂದ್ರೆ ಅವರಮ್ಮಂಗೆ ನೀನು ಹೇಳ್ತೀಯಾ, ನಾನು ಹೇಳ್ಲಾ?”

ಸೆಲ್ವಿನ್ ಒಂದು ಸಲ ಮೈದಾನ ನೋಡಿದ, ಒಂದು ಸಲ ಪೀಟರನ ತೆಳ್ಳನೆ ಕತ್ತು ನೋಡಿದ. ಆಮೇಲೆ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟ. ಕಿವಿ ಮುಚ್ಚುವ ಹಾಗೆ ತಲೆಗೆ ಅಗಲವಾದ ಪಟ್ಟಿ ಸುತ್ತಿಕೊಂಡು, ಅಂಗಳದ ಕೆಸರನ್ನು ಮುಖಕ್ಕೆ ಬಳಿದುಕೊಂಡು ಇಳಿದ. ನಮ್ಮವರು ನಲವತ್ತು ಚಿಲ್ಲರೆ ಪಾಯಿಂಟುಗಳಿಂದ ಸೋತರು. ಆದರೆ ಸ್ಕ್ರಮ್ಮಿನಲ್ಲಿ ಚೆಂಡು ಮಾತ್ರ ಮತ್ತೆಮತ್ತೆ ನಮ್ಮ ಕಡೆಗೇ ಬರುತ್ತಿತ್ತು. ಬಂದ ಚೆಂಡನ್ನು ಏನು ಮಾಡಬೇಕೆಂದು ನಮ್ಮವರಿಗೆ ತಿಳಿಯುತ್ತಿರಲಿಲ್ಲ, ಅದು ಬೇರೆ ಮಾತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಎಲ್ಲರೂ ಸೆಲ್ವಿನ್‌ನನ್ನು “ಕ್ಲೆಮ್, ಕ್ಲೆಮ್” ಎಂದು ಕರೆದು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಂಗನಬಾವು ಬಂದವನು ಹಾಸಿಗೆಯಲ್ಲಿದ್ದಾನೆಂದು ಇಡೀ ಬೀದಿಗೆ ಗೊತ್ತು, ಅವನ ಹೆಸರಲ್ಲಿ ಆಡಿದವನು ಯಾರೆಂದೂ ಗೊತ್ತು. ನಮ್ಮ ಬೀದಿಯಿಂದ ಹೊರಗೆ ಅದು ಹೋಗಲಿಲ್ಲ.

ಆಗ ನಮಗೆ ಯಾರಿಗೂ ಹೊಳೆಯದೆ ಹೋದದ್ದು ಒಂದು ನಿಯಮ. ಒಂದು ವರ್ಷದ ಕಪ್‌ನಲ್ಲಿ ಒಂದು ತಂಡಕ್ಕೆ ಆಡಿದವನು ಆ ವರ್ಷ ಇನ್ನೊಂದು ತಂಡಕ್ಕೆ ಆಡುವಂತಿಲ್ಲ. ಆಡಿದ್ದು ಸಿಕ್ಕಿಬಿದ್ದರೆ ಗೆದ್ದ ಕಪ್ಪನ್ನೇ ವಾಪಸ್ಸು ಕೊಡಬೇಕು. ಕಳ್ಳ ಹೆಸರಿನಲ್ಲಿ ಆಡಿಸಿದ ತಂಡದವರಿಗೆಲ್ಲ ಜೀವಮಾನದ ಬಹಿಷ್ಕಾರ. ಹೊಳೆಯದೆ ಹೋದದ್ದು ಯಾಕೆಂದರೆ, ಥಾರ್ನ್‌ಶಾ ಬುಧವಾರವೇ ಸೋತು ಮನೆಗೆ ಬರುತ್ತದೆಂದು ನಾವೆಲ್ಲ ನಂಬಿದ್ದೆವು.

ಥಾರ್ನ್‌ಶಾ ಸೋಲಲಿಲ್ಲ. ಬುಧವಾರ ಗೆದ್ದರು. ಎರಡನೇ ಸುತ್ತು ಕೆಸರಿನಲ್ಲಿ ಒಂದೇ ಪಾಯಿಂಟಿನಿಂದ ಗೆದ್ದರು. ಮೂರನೇ ಸುತ್ತಿನಲ್ಲಿ ಸಮ ಮಾಡಿಕೊಂಡು, ವಾರದ ನಡುವೆ ಮತ್ತೆ ಆಡಿ ಗೆದ್ದರು. ಅಂಗಡಿಗಳಲ್ಲಿ ತಂಡದ ಕಿತ್ತಳೆ ಕಪ್ಪು ಬಣ್ಣದ ರಿಬ್ಬನ್ ಖಾಲಿಯಾಯಿತು. ಕಸಾಯಿ ಅಂಗಡಿಯವನು ಹಂದಿಯ ತಲೆಗೂ ಕಿತ್ತಳೆ ಟೋಪಿ ಹಾಕಿ ಕೂರಿಸಿದ. ಸೆಲ್ವಿನ್ ಎಲ್ಲರಿಗಿಂತ ಹೆಚ್ಚು ಕೂಗುತ್ತಿದ್ದ. ಗಿಬ್ಸನ್ ಚೆನ್ನಾಗಿ ಆಡುತ್ತಿದ್ದಾನೆ, ತನಗೇನು, ಊರು ಗೆದ್ದರೆ ಸಾಕು ಎಂದು ಅವನಿಗೆ ನಿಜವಾಗಿಯೂ ಅನ್ನಿಸುತ್ತಿತ್ತು.

ಸೆಮಿಫೈನಲ್ಲನ್ನೂ ಗೆದ್ದರು. ಅದರ ಕೊನೆಯ ಹತ್ತು ನಿಮಿಷದಲ್ಲಿ ಗಿಬ್ಸನ್‌ನ ಹೆಗಲ ಮೂಳೆ ಮುರಿಯಿತು.

ಅವತ್ತು ಸಂಜೆ ವಿನ್ನಿಯ ಅಡುಗೆಮನೆಗೆ ಇಡೀ ಬೀದಿ ನುಗ್ಗಿತು. ಗಿಬ್ಸನ್ ಇಲ್ಲವೆಂದರೆ ವೆಂಬ್ಲಿಗೆ ಸೆಲ್ವಿನ್ ಎಂದೇ ಅರ್ಥ. ಕ್ಲಬ್ಬಿನಲ್ಲಿದ್ದ ಇನ್ನೊಬ್ಬ ಒಂಬತ್ತನೆಯವನು ಮೀಸೆ ಸರಿಯಾಗಿ ಬಾರದ ಹುಡುಗ. ಎಲ್ಲರಿಗಿಂತ ಮುಂದೆ ಕ್ಲೆಮ್ ಸಗ್ಡನ್ ಬಂದ.

“ನೋಡು ಸೆಲ್ವಿನ್, ಕಾಲ್ಡರ್‌ಫೋರ್ಡಲ್ಲಿ ಆಡಿದ್ದು ನಾನೇ. ದೇವರಾಣೆ ಹೇಳ್ತೀನಿ. ನನಗೊಂದು ಟಿಕೆಟ್ ಕೊಡ್ಸು, ಅಷ್ಟೇ.”

ಬೀವರ್ಸ್ ಅಜ್ಜಿ ಕುರ್ಚಿಯಲ್ಲಿ ಕೂತು, “ಕ್ಲೆಮ್ ಅವತ್ತು ಆಟಕ್ಕೆ ಹೋಗಿದ್ದನ್ನ ನಾನೇ ಕಣ್ಣಾರೆ ನೋಡ್ದೆ. ಮುಖ ಚೆನ್ನಾಗೇ ಇತ್ತು. ಈಗಿನಕ್ಕಿಂತ ಚೆನ್ನಾಗಿತ್ತು,” ಎಂದಳು.

ಎಲ್ಲರೂ ನಕ್ಕರು. ನನ್ನ ಗಂಡ ಸೆಲ್ವಿನ್‌ನ ಬೆನ್ನು ತಟ್ಟಿ, ಇಡೀ ಬೀದಿಯ ಬಾಯಿಗೆ ಬೀಗ ಬಿದ್ದಿದೆ, ಹೆದರಬೇಡ ಅಂದ. ಆಡು ಎಂದು ನಾನೂ ಹೇಳಿದೆ, ಇವತ್ತಾದರೂ ಒಪ್ಪಿಕೊಳ್ಳುತ್ತೇನೆ. ವಿನ್ನಿಯೊಬ್ಬಳು ಚಹಾ ಬಸಿಯುತ್ತಿದ್ದಳು. ಸೆಲ್ವಿನ್ ಎಲ್ಲರ ಮುಖ ನೋಡಿ ಮುಗುಳ್ನಗುತ್ತಿದ್ದ. ಅವನು ಹಾಗೆ ಮುಗುಳ್ನಕ್ಕರೆ ಒಪ್ಪಿದನೆಂದೇ ಅರ್ಥ, ಅಲ್ಲಿಯವರೆಗೆ ಯಾವಾಗಲೂ ಹಾಗೇ ಆಗಿತ್ತು.

ಮರುದಿನ ಭಾನುವಾರ ನಾವು ಅವರ ಮನೆಗೆ ಊಟಕ್ಕೆ ಹೋಗಿದ್ದೆವು. ಊಟದ ಮೊದಲಿಗೆ ತಿನ್ನುವ ಹಿಟ್ಟಿನ ಪುಡಿಂಗ್ ಮೇಲೆ ಮಾಂಸದ ಗ್ರೇವಿ ಸುರಿದುಕೊಂಡು ಶುರುಮಾಡಿದ್ದೆವಷ್ಟೆ, ಥಾರ್ನ್‌ಶಾದ ತರಬೇತುದಾರ ನಾರಿಸ್ ಲಂಬ್ ಬಂದ. ಎತ್ತರದ ಆಳು, ಕಡಿಮೆ ಮಾತು. ಆಟಗಾರನ ಮನೆ ಬಾಗಿಲಿಗೆ ಅವನಾಗಿ ಹೋದದ್ದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ. ಹ್ಯಾಟು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ.

“ಸೆಲ್ವಿನ್, ವೆಂಬ್ಲಿಗೆ ನೀನೇ. ಮಂಗಳವಾರದಿಂದ ಅಭ್ಯಾಸಕ್ಕೆ ಬಾ.”

ಸೆಲ್ವಿನ್ ಚಾಕು ಫೋರ್ಕು ಕೆಳಗಿಟ್ಟ.

“ಆಗಲ್ಲ, ಮಿಸ್ಟರ್ ಲಂಬ್.”

ನನ್ನ ಗಂಡನ ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು. ಲಂಬ್ ಹ್ಯಾಟನ್ನು ಇನ್ನೊಂದು ಕೈಗೆ ತೆಗೆದುಕೊಂಡ.

“ಆಗಲ್ಲ ಅಂದ್ರೆ?”

“ಆಗಲ್ಲ.”

“ಯಾಕೆ?”

“ಅದನ್ನ ಹೇಳಕ್ಕೂ ಆಗಲ್ಲ.”

“ಇನ್ನೊಂದ್ಸಲ ಕೇಳ್ತೀನಿ. ನಾನೇ ಬಂದು ಕೇಳ್ತಿದೀನಿ ಸೆಲ್ವಿನ್. ಬಾ ಅಂತಿದೀನಿ. ಮಿಕ್ಕಿದ್ದನ್ನ ತಲೆಗೆ ಹಚ್ಕೋಬೇಡ.”

“ಆಗಲ್ಲ,” ಎಂದ ಸೆಲ್ವಿನ್, ಮತ್ತೊಮ್ಮೆ. ಅವನ ಕಿವಿ ಕೆಂಪಾಗಿತ್ತು.

ಲಂಬ್ ಹ್ಯಾಟು ಹಾಕಿಕೊಂಡು ಹೋದ. ಬಾಗಿಲು ಮುಚ್ಚಿದ ತಕ್ಷಣ ನನ್ನ ಗಂಡ ಸಿಡಿದ. ಕನಿಷ್ಠ ಮಂಡಿ ನೋವು ಅಂತಾದರೂ ಹೇಳಬಾರದಿತ್ತೇ ಎಂದ.

“ಮಂಡಿ ಅಂದ್ರೆ ಡಾಕ್ಟ್ರು ಬಂದು ಮಂಡಿ ಒತ್ತಿ ನೋಡ್ತಾರೆ. ಅದೇ ಮಂಡೀಲಿ ನಾಳೆ ಗಣಿಗೆ ಇಳೀಬೇಕು ನಾನು. ಇಳೀದಿದ್ರೆ ಊಟಕ್ಕೇನು ಮಾಡ್ಲಿ?” ಎಂದ ಸೆಲ್ವಿನ್. ಆಮೇಲೆ ತಾನಾಗಿಯೇ ಮುಂದುವರಿಸಿದ. “ಹದಿಮೂರು ಜನ ಕಪ್ ಎತ್ಕೊಂಡು ಊರೆಲ್ಲ ಮೆರವಣಿಗೆ ಮಾಡ್ತಾರೆ. ಆಮೇಲೆ ಕ್ಲೆಮ್ ಎರಡು ಪೈಂಟ್ ಬಿಯರ್ ಕುಡಿದು ಬಾಯಿ ಬಿಡ್ತಾನೆ. ಬೀಗ ಅಂತೆ, ಬೀಗ. ಅವನ ಬಾಯಿಗೆ ಬಾಗಿಲೇ ಇಲ್ಲ. ಆಗ ಅವರೆಲ್ಲ ಆ ಕಪ್ಪನ್ನ ವಾಪಸ್ ಕಳಿಸ್ಬೇಕು. ಅದು ನನ್ನಿಂದ ಆಗಬಾರ್ದು.”

“ಹಾಗಾದ್ರೆ ನಿಜ ಹೇಳ್ಬಿಡು,” ಎಂದೆ ನಾನು.

“ಹೇಳಿದ್ರೆ ಹಾರ್ಟ್ಲಿ ಹುಡುಗ್ರು ಯಾರೂ ಸಾಯೋವರೆಗೂ ಆಡೋ ಹಾಗಿಲ್ಲ. ಪೀಟರ್‌ಗೆ ಹತ್ತೊಂಬತ್ತು, ನೋರಾ.”

ಆಮೇಲೆ ಅವನು ಊಟ ಮುಗಿಸಿದ. ಅವನು ಅತ್ತಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಸೋಮವಾರದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಆಂಬ್ಲರ್ ಆಡುವುದಿಲ್ಲವಂತೆ. ಗಿಬ್ಸನ್‌ಗೆ ಅಂಗಿ ಕೊಟ್ಟಿದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದರು ಕೆಲವರು. ವೆಂಬ್ಲಿ ಎಂದ ಕೂಡಲೇ ಪುಕ್ಕಲನಿಗೆ ಕಾಲು ನಡುಗಿತು ಎಂದರು ಉಳಿದವರು. ಅವರ ಮನೆಯ ಕಾಗದ ಹಾಕುವ ಕಿಂಡಿಯಿಂದ ಯಾರೋ ಹೇಡಿಯ ಗುರುತಾಗಿ ಕೋಳಿಯ ಬಿಳಿ ಪುಕ್ಕ ತುರುಕಿ ಹೋದರು. ವಿನ್ನಿ ಅದನ್ನೆಲ್ಲ ಗುಡಿಸಿ ಒಲೆಗೆ ಹಾಕಿದಳು. ಮನೆಯೆಲ್ಲ ಸುಟ್ಟ ಪುಕ್ಕದ ವಾಸನೆ. ನಮ್ಮ ಬೀದಿಯವರಿಗೆ ನಿಜ ಗೊತ್ತಿತ್ತು, ಆದರೆ ಅವನ ಪರ ಮಾತಾಡಬೇಕೆಂದರೆ ಕಾರಣ ಹೇಳಬೇಕಾಗುತ್ತಿತ್ತು. ಎಲ್ಲರೂ ತಲೆ ತಗ್ಗಿಸಿಕೊಂಡು ಓಡಾಡಿದರು. ಕ್ಲೆಮ್ ಬೇರೆ ದಾರಿಯಲ್ಲಿ ಗಣಿಗೆ ಹೋಗತೊಡಗಿದ.

ಎಲ್ಲಕ್ಕಿಂತ ನನ್ನ ಕರುಳು ಹಿಂಡಿದ್ದು ಅವನ ಬೆನ್ನು. ಗಣಿಯಿಂದ ಮೇಲೆ ಬಂದವರು ಅಲ್ಲಿನ ಸ್ನಾನದ ಮನೆಯಲ್ಲಿ ಒಬ್ಬರ ಬೆನ್ನನ್ನು ಒಬ್ಬರು ಉಜ್ಜುವುದು ನಡೆದುಬಂದ ಪದ್ಧತಿ. ಜಗಳವಾಡಿದವರೂ ಉಜ್ಜುತ್ತಾರೆ. ಸೆಲ್ವಿನ್‌ನ ಪಾಳಿಯವರು ಅವನ ಬೆನ್ನು ಉಜ್ಜುವುದನ್ನು ನಿಲ್ಲಿಸಿದರು. ನನ್ನ ಗಂಡನದು ಬೇರೆ ಪಾಳಿ. ಒಂದು ಮಧ್ಯಾಹ್ನ ನಾನು ಹೋದಾಗ ವಿನ್ನಿ ಅಡುಗೆಮನೆಯಲ್ಲಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಅಂಗಿ ಬಿಚ್ಚಿಸಿ, ಸೋಪು ಹಚ್ಚಿ ಉಜ್ಜುತ್ತಿದ್ದಳು. ಮುಂಭಾಗವೆಲ್ಲ ಬೆಳ್ಳಗೆ, ಬೆನ್ನು ಒಲೆಯ ತಳದಷ್ಟು ಕಪ್ಪಗೆ. ವಿನ್ನಿ ನನ್ನನ್ನು ನೋಡಿ, “ಬಾಗಿಲು ಹಾಕ್ಕೋ, ಗಾಳಿ ಬರುತ್ತೆ,” ಎಂದಳು. ನಾನು ಹೊರಗಿನಿಂದಲೇ ಬಾಗಿಲು ಹಾಕಿಕೊಂಡು ಹಿತ್ತಲಲ್ಲಿ ನಿಂತು ಅತ್ತೆ. ಅಂಥವನಿಗೆ ಅಂಥದ್ದಾಗುವುದನ್ನು ನೋಡಲು ಆಗುತ್ತಿರಲಿಲ್ಲ.

ಫೈನಲ್ಲಿನ ದಿನ ಊರು ಖಾಲಿ. ರೈಲುಗಳೂ ಬಸ್ಸುಗಳೂ ನಸುಕಿನಲ್ಲೇ ಲಂಡನ್ನಿಗೆ ಹೊರಟಿದ್ದವು. ನಾನೂ ನನ್ನ ಗಂಡನೂ ಹೋಗಲಿಲ್ಲ. ವಿನ್ನಿಯ ಅಡುಗೆಮನೆಯಲ್ಲಿ ನಾಲ್ಕೂ ಜನ ರೇಡಿಯೊ ಸುತ್ತ ಕೂತೆವು. ಸೆಲ್ವಿನ್ ಮೇಜಿನ ಮೇಲೆ ಎರಡೂ ಕೈ ಚಾಚಿಕೊಂಡಿದ್ದ. ರೇಡಿಯೊದಲ್ಲಿ ಸ್ಕ್ರಮ್ ಎಂದಾಗಲೆಲ್ಲ ಮೇಜಿನ ಕೆಳಗೆ ಅವನ ಬಲಗಾಲು ಚಕ್ಕನೆ ಚಿಮ್ಮುತ್ತಿತ್ತು. ಎರಡು ಸಲ ನನ್ನ ಕಾಲಿಗೆ ತಾಗಿತು. ಅವನಿಗೆ ಅದು ಗೊತ್ತಾದಂತೆ ಕಾಣಲಿಲ್ಲ, ನಾನೂ ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಕೊನೆಗೆ ಥಾರ್ನ್‌ಶಾ ಎಂಟು, ಎದುರಾಳಿ ಏಳು. ಆಟ ಮುಗಿಯಲು ಎರಡೋ ಮೂರೋ ನಿಮಿಷ. ನಮ್ಮ ಗೆರೆಯ ಹತ್ತಿರವೇ ಒಂದು ಸ್ಕ್ರಮ್. ಚೆಂಡು ಬಂದಿದ್ದರೆ ಎತ್ತಿ ಒದ್ದು ಆಚೆ ಹಾಕಿದರೆ ಸಾಕಿತ್ತು, ಕಪ್ ನಮ್ಮದು. ಸೆಲ್ವಿನ್ ಬದಲಿಗೆ ನಿಂತಿದ್ದ ಹುಡುಗನ ಕಾಲಿಗೆ ಚೆಂಡು ಸಿಗಲಿಲ್ಲ. ಅವರು ಕಿತ್ತುಕೊಂಡರು, ಮೂಲೆಯಲ್ಲಿ ಓಡಿ ಹೋಗಿ ಗೆರೆಯಾಚೆ ನೆಲಕ್ಕೆ ಇಟ್ಟರು, ಅದಕ್ಕೆ ಮೂರು ಪಾಯಿಂಟು. ಹತ್ತು, ಎಂಟು.

ರೇಡಿಯೊದಲ್ಲಿ ಜನ ಕೂಗುತ್ತಿದ್ದರು. ಸೆಲ್ವಿನ್ ಬಹಳ ಮೆಲ್ಲಗೆ, “ಅದು ನನಗೆ ಸಿಗ್ತಿತ್ತು,” ಎಂದ.

ಅವನ ಬಾಯಿಂದ ತನ್ನ ಬಗ್ಗೆ ಅಂಥ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ನನ್ನ ಗಂಡ ಎದ್ದು ಟೋಪಿ ತೆಗೆದುಕೊಂಡ.

“ನಾಳೆ ಲಂಬ್ ವಾಪಸ್ ಬರ್ತಾನೆ. ನಾನು ಹೋಗಿ ಎಲ್ಲಾ ಹೇಳ್ಬಿಡ್ತೀನಿ. ನನ್ನ ತಂಡ ಹಾಳಾಗಿ ಹೋಗ್ಲಿ.”

“ಕೂತ್ಕೋ ಹಾರ್ಟ್ಲಿ,” ಎಂದ ಸೆಲ್ವಿನ್. “ಜೀವಮಾನದಲ್ಲಿ ಒಂದ್ಸಲ ಆಗಲ್ಲ ಅಂದಿದೀನಿ. ಅದನ್ನೂ ದಂಡ ಮಾಡ್ಬೇಡ.”

ನನ್ನ ಗಂಡ ಕೂತ. ವಿನ್ನಿ ರೇಡಿಯೊ ಆರಿಸಿದಳು.

ಮುಂದಿನ ವರ್ಷ ಕ್ಲಬ್ಬಿನವರು ಸೆಲ್ವಿನ್‌ನನ್ನು ಕರೆಯಲಿಲ್ಲ. ಅವನು ಮತ್ತೆ ಯಾರಿಗೂ ಆಡಲಿಲ್ಲ. ಬೆನ್ನು ಉಜ್ಜುವುದು ಒಂದೆರಡು ವರ್ಷಕ್ಕೆ ಮತ್ತೆ ಶುರುವಾಯಿತು, ಜನ ಅಷ್ಟು ಕೆಟ್ಟವರೇನಲ್ಲ. ಆದರೆ ಹೆಸರು ಅಂಟಿಕೊಂಡಿತು. ಎಲ್ಲಾದರೂ ಆಟದ ಮಾತು ಬಂದರೆ, ಆಂಬ್ಲರಾ, ಒಳ್ಳೆ ಆಟಗಾರ, ಬೇಕಾದಾಗ ಮಾತ್ರ ಇರಲಿಲ್ಲ, ಎನ್ನುತ್ತಿದ್ದರು. ಬೀವರ್ಸ್ ಅಜ್ಜಿಯ ಕಲ್ಲಿದ್ದಲನ್ನು ಅವಳು ಸಾಯುವವರೆಗೂ ಅವನೇ ತುಂಬಿಸಿಕೊಟ್ಟ. ಪೀಟರ್ ನಲವತ್ತರವರೆಗೂ ಗಣಿ ತಂಡಕ್ಕೆ ಆಡಿದ. ಅಂಥಾ ದೊಡ್ಡ ಆಟಗಾರನೂ ಆಗಲಿಲ್ಲ.

ಅರವತ್ತೆರಡಕ್ಕೆ ಸೆಲ್ವಿನ್ ಎದೆಯ ತುಂಬ ಕಲ್ಲಿದ್ದಲಿನ ಧೂಳು ತುಂಬಿಕೊಂಡು ತೀರಿಕೊಂಡ. ಅಷ್ಟರಲ್ಲಿ ಗಣಿ ಮುಚ್ಚಿತ್ತು, ಗಣಿಯ ತಂಡವೂ ಇರಲಿಲ್ಲ, ಕ್ಲೆಮ್ ಸತ್ತಿದ್ದ, ನನ್ನ ಗಂಡನೂ ಸತ್ತಿದ್ದ. ಮಣ್ಣು ಮಾಡಿ ಬಂದ ಮೇಲೆ ಕೆಲಸಗಾರರ ಕ್ಲಬ್ಬಿನಲ್ಲಿ ಚಹಾ ಊಟ ಇಟ್ಟಿದ್ದೆವು. ನಾರಿಸ್ ಲಂಬ್ ಕೋಲು ಊರಿಕೊಂಡು ಬಂದಿದ್ದ. ಎಂಬತ್ತು ದಾಟಿತ್ತು. ತಟ್ಟೆಯಲ್ಲಿ ಹ್ಯಾಮು, ಈರುಳ್ಳಿ ಉಪ್ಪಿನಕಾಯಿ ಹಾಕಿಸಿಕೊಂಡು ಕಿಟಕಿಯ ಹತ್ತಿರ ಕೂತಿದ್ದ. ಇನ್ನು ಯಾರಿಗೂ ತೊಂದರೆಯಿಲ್ಲವೆಂದು ನಾನು ಹೋಗಿ ಪಕ್ಕದಲ್ಲಿ ಕೂತು ಹೇಳಿದೆ. ಮೊದಲ ಸುತ್ತಿನಲ್ಲಿ ಅವನು ನಮ್ಮ ಗಣಿಗೆ ಆಡಿದ್ದ, ಬೇರೆಯವನ ಹೆಸರಿನಲ್ಲಿ. ಅದಕ್ಕೇ ನಿಮಗೆ ಆಗಲ್ಲ ಅಂದದ್ದು, ಎಂದೆ.

ಲಂಬ್ ಅಗಿಯುವುದನ್ನು ಮುಗಿಸಿ ಹೇಳಿದ. “ಗೊತ್ತು ನೋರಾ. ನಾನು ಅವತ್ತು ಅಲ್ಲೇ ಇದ್ದೆ. ಮುಂದಿನ ಸುತ್ತಲ್ಲಿ ಕಾಲ್ಡರ್‌ಫೋರ್ಡ್ ಸಿಕ್ಕಿದ್ರೆ ಅಂತ ನೋಡಕ್ಕೆ ಹೋಗಿದ್ದೆ. ಅಷ್ಟು ವರ್ಷ ನೋಡಿದ ಕಾಲು, ಮಂಜಲ್ಲಿ ಗುರ್ತು ಸಿಗಲ್ವಾ?”

“ಗೊತ್ತಿದ್ದೂ ಬಂದು ಕೇಳಿದ್ರಾ?”

“ಅವನು ಯಾರಿಗೂ ಇಲ್ಲ ಅಂದವನಲ್ಲ. ನನಗೂ ಅನ್ನಲ್ಲ ಅಂದ್ಕೊಂಡಿದ್ದೆ. ಆಡಿದ್ರೆ ಗೆಲ್ತಿದ್ವಿ.”

“ಆಮೇಲೆ ಊರು ಅವನ ಮುಖಕ್ಕೆ ಉಗೀತಿತ್ತಲ್ಲ. ಆಗ?”

“ಆಗ ಏನಂತ ಹೇಳ್ಲಿ? ಗೊತ್ತಿತ್ತು ಅಂದ್ರೆ, ಗೊತ್ತಿದ್ದೂ ಯಾಕೆ ಕರೆದೆ ಅಂತಾರೆ. ನನ್ನ ಕೆಲ್ಸ ಹೋಗ್ತಿತ್ತು.”

ಆಚೆ ಮೇಜಿನಲ್ಲಿ ವಿನ್ನಿ ಯಾರಿಗೋ ಚಹಾ ಬಸಿದು ಕೊಡುತ್ತಿದ್ದಳು. ಲಂಬ್‌ನ ತಟ್ಟೆಯಲ್ಲಿ ಇನ್ನೂ ಒಂದು ದೊಡ್ಡ ತುಂಡು ಹ್ಯಾಮ್ ಇತ್ತು. ನಾನು ಎದ್ದು ಆ ತಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡು ಒಳಗಿಟ್ಟೆ. ಆಮೇಲೆ ಅವನ ಕೋಟು ತಂದುಕೊಟ್ಟೆ.